ರಡ್ಡರ್ ಪೆಡಲ್ ಕೊಳ್ಳುವ ಮೊದಲು: ಮನೆಯ ಸಿಮ್ಯುಲೇಟರ್‌ನಲ್ಲಿ ಕಾಲಿಗೂ ಕೆಲಸ ಕೊಡುವ ಬಗೆ

ಕಂಪ್ಯೂಟರ್‌ಗೆ ಫ್ಲೈಟ್ ಸಿಮ್ಯುಲೇಟರ್ ಹಾಕಿ, ಒಂದು ಜಾಯ್‌ಸ್ಟಿಕ್ ತಂದು, ಸೆಸ್ನಾ 172 ವಿಮಾನವನ್ನು ರನ್‌ವೇ ತುದಿಗೆ ತಂದು ನಿಲ್ಲಿಸಿ ಥ್ರಾಟಲ್ (ಎಂಜಿನ್ ಶಕ್ತಿ) ಪೂರ್ತಿ ಕೊಟ್ಟವರಿಗೆಲ್ಲ ಮೊದಲು ಎದುರಾಗುವುದು ಒಂದೇ ತೊಂದರೆ. ವಿಮಾನ ಎಡಕ್ಕೆ ಸರಿಯುತ್ತ ಸರಿಯುತ್ತ ಹುಲ್ಲಿಗೆ ಇಳಿಯುತ್ತದೆ. ಜಾಯ್‌ಸ್ಟಿಕ್ಕನ್ನು ಬಲಕ್ಕೆ ವಾಲಿಸಿದರೂ ಅದು ಮಾತು ಕೇಳುವುದಿಲ್ಲ. ನೆಲದ ಮೇಲೆ ಓಡುವ ವಿಮಾನದ ದಿಕ್ಕು ಇರುವುದು ಕೈಯಲ್ಲಲ್ಲ, ಕಾಲಲ್ಲಿ.

2020ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೊಸ ರೂಪದಲ್ಲಿ ಬಂತು, 2024ರ ನವೆಂಬರ್‌ನಲ್ಲಿ ಅದರ ಮುಂದಿನ ಆವೃತ್ತಿ ಬಂತು. ಎಕ್ಸ್-ಪ್ಲೇನ್ 12, ಡಿಸಿಎಸ್, ಪುಕ್ಕಟೆಯಾಗಿ ಸಿಗುವ ಫ್ಲೈಟ್‌ಗಿಯರ್ ಕೂಡ ಇವೆ. ಇವುಗಳಲ್ಲಿ ಯಾವುದನ್ನು ಹಿಡಿದರೂ ಸ್ವಲ್ಪ ದಿನಕ್ಕೆ ಹುಟ್ಟುವ ಪ್ರಶ್ನೆ ಒಂದೇ: ಕಾಲಿಗೆ ಪೆಡಲ್ ಬೇಕೇ, ಬೇಕಾದರೆ ಎಂಥದ್ದು? ಅಂಗಡಿಯ ಜಾಹೀರಾತು ಸೆನ್ಸರ್ ಬಗ್ಗೆ, ಲೋಹದ ಮೈಯ ಬಗ್ಗೆ ಮಾತಾಡುತ್ತದೆ. ನಿಜವಾಗಿ ನೋಡಬೇಕಾದವು ಎರಡು: ಪೆಡಲ್ ತನ್ನ ನಡುಬಿಂದುವಿನ ಆಚೀಚೆ ಹೇಗೆ ಚಲಿಸುತ್ತದೆ, ಮತ್ತು ಅದನ್ನು ಒತ್ತಿದಾಗ ನಿಮ್ಮ ಕುರ್ಚಿ ಎಲ್ಲಿಗೆ ಹೋಗುತ್ತದೆ.

ಒಂದು ಪೆಡಲ್, ಎರಡು ಕೆಲಸ

ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತಿರುವ ಭಾಗದ ಹಿಂಬದಿಗೆ ಕೀಲು ಹಾಕಿ ಕೂರಿಸಿದ ಹಲಗೆಯೇ ರಡ್ಡರ್. ಎಡ ಪೆಡಲನ್ನು ಮುಂದಕ್ಕೆ ತಳ್ಳಿದರೆ ಹಲಗೆ ಎಡಕ್ಕೆ ಹೊರಳುತ್ತದೆ. ಎದುರಿನ ಗಾಳಿ ಅದಕ್ಕೆ ಬಡಿದು ಬಾಲವನ್ನು ಬಲಕ್ಕೆ ದೂಡುತ್ತದೆ. ಮೂತಿ ಎಡಕ್ಕೆ ತಿರುಗುತ್ತದೆ. ರೆಕ್ಕೆ ವಾಲಿಸದೆ ಮೂತಿಯನ್ನು ಮಾತ್ರ ಎಡಬಲಕ್ಕೆ ತಿರುಗಿಸುವ ಈ ಚಲನೆಗೆ ‘ಯಾ’ ಎಂಬ ಹೆಸರು. ರೆಕ್ಕೆ ವಾಲುವುದು ‘ರೋಲ್’, ಮೂತಿ ಮೇಲೆ ಕೆಳಗೆ ಆಗುವುದು ‘ಪಿಚ್’. ಅವೆರಡು ಕೈಯ ಕೆಲಸ, ಯಾ ಕಾಲಿನದು.

ಎರಡು ಪೆಡಲ್‌ಗಳೂ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದು ಮುಂದೆ ಹೋದರೆ ಇನ್ನೊಂದು ಅಷ್ಟೇ ಹಿಂದೆ ಬರುತ್ತದೆ. ಕಾರು ಓಡಿಸಿ ಅಭ್ಯಾಸವಾದವರು ಇಲ್ಲೇ ಎಡವುವುದು: ಒಂದು ಕಾಲು ತಳ್ಳುವಾಗ ಇನ್ನೊಂದು ಕಾಲನ್ನು ಸಡಿಲ ಬಿಡಬೇಕು. ಎರಡನ್ನೂ ಬಿಗಿಯಾಗಿ ಒತ್ತಿಕೊಂಡು ಕೂತರೆ ಪೆಡಲ್ ಅಲುಗುವುದೇ ಇಲ್ಲ, ತಪ್ಪು ಮಾತ್ರ ಉಪಕರಣದ ತಲೆಗೆ ಬರುತ್ತದೆ.

ಎರಡನೆಯ ಕೆಲಸ ಬ್ರೇಕ್. ಪೆಡಲಿನ ಮೇಲ್ಭಾಗವನ್ನು ಕಾಲ್ಬೆರಳಿನ ಕಡೆಯಿಂದ ಒತ್ತಿದರೆ ಆ ಬದಿಯ ಚಕ್ರಕ್ಕೆ ಮಾತ್ರ ಬ್ರೇಕ್ ಬೀಳುತ್ತದೆ. ಇದಕ್ಕೆ ‘ಟೋ ಬ್ರೇಕ್’ ಎನ್ನುತ್ತಾರೆ. ಎತ್ತಿನ ಗಾಡಿಯಲ್ಲಿ ಎಡಗಡೆಯ ಎತ್ತಿನ ಹಗ್ಗ ಜಗ್ಗಿ ಹಿಡಿದರೆ ಗಾಡಿ ಎಡಕ್ಕೆ ಹೊರಳುವ ಹಾಗೆ, ಎಡ ಚಕ್ರವನ್ನು ಹಿಡಿದರೆ ವಿಮಾನ ಎಡಕ್ಕೆ ಹೊರಳುತ್ತದೆ. ಸೆಸ್ನಾ 172ರಲ್ಲಿ ಪೆಡಲಿಗೆ ಮುಂಚಕ್ರವೂ ಕೂಡಿಕೊಂಡಿದೆ, ಆದರೆ ಪೆಡಲ್ ಒಂದರಿಂದಲೇ ಅದು ತಿರುಗುವುದು ಎರಡೂ ಕಡೆಗೆ ಸುಮಾರು 10 ಡಿಗ್ರಿ ಮಾತ್ರ. ಒಂದು ಬದಿಯ ಬ್ರೇಕ್ ಸೇರಿಸಿದರೆ ಸುಮಾರು 30 ಡಿಗ್ರಿಯವರೆಗೆ ಹೋಗುತ್ತದೆ. ಇಕ್ಕಟ್ಟಾದ ಜಾಗದಲ್ಲಿ ವಿಮಾನ ತಿರುಗಿಸಲು ಟೋ ಬ್ರೇಕ್ ಬೇಕಾಗುವುದು ಇದಕ್ಕೇ.

ಎಡಕ್ಕೇ ಏಕೆ ಎಳೆಯುತ್ತದೆ?

ಸೆಸ್ನಾದಂಥ ವಿಮಾನಗಳಲ್ಲಿ ಒಳಗೆ ಕೂತವರ ಕಣ್ಣಿಗೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅದು ಹಿಂದಕ್ಕೆ ದೂಡಿದ ಗಾಳಿ ನೇರವಾಗಿ ಹೋಗುವುದಿಲ್ಲ. ವಿಮಾನದ ಮೈಗೆ ಸುತ್ತಿಕೊಳ್ಳುತ್ತ ಹೋಗಿ ಬಾಲದ ಎಡ ಮಗ್ಗುಲಿಗೆ ಬಡಿಯುತ್ತದೆ. ಬಾಲ ಬಲಕ್ಕೆ, ಮೂತಿ ಎಡಕ್ಕೆ. ಎಂಜಿನ್ ಪ್ರೊಪೆಲ್ಲರನ್ನು ಬಲಕ್ಕೆ ತಿರುಗಿಸುವಾಗ ವಿಮಾನದ ಮೈ ಎಡಕ್ಕೆ ವಾಲಲು ನೋಡುತ್ತದೆ, ಎಡ ಚಕ್ರದ ಮೇಲೆ ಭಾರ ಹೆಚ್ಚಿ ನೆಲ ಹಿಡಿಯುತ್ತದೆ. ಮೂತಿ ಎತ್ತಿ ಏರುವಾಗ ಇನ್ನೊಂದು ಸೇರುತ್ತದೆ: ಬಲಗಡೆ ಕೆಳಕ್ಕಿಳಿಯುವ ಎಲೆ ಎಡಗಡೆ ಮೇಲೇರುವ ಎಲೆಗಿಂತ ಹೆಚ್ಚು ಗಾಳಿ ಕಚ್ಚುತ್ತದೆ, ಎಳೆತ ನಡುವಿನಿಂದ ಬಲಕ್ಕೆ ಸರಿದು ಮೂತಿಯನ್ನು ಎಡಕ್ಕೆ ದೂಡುತ್ತದೆ. ಮೂರೂ ಒಂದೇ ಕಡೆಗೆ. ಹಾಗಾಗಿ ಟೇಕ್‌ಆಫ್ ಎಂದರೆ ಬಲಗಾಲು.

ಎಲ್ಲ ವಿಮಾನಕ್ಕೂ ಇದೇ ನಿಯಮವಲ್ಲ. ರಷ್ಯಾದ ಯಾಕ್-52ರ ಪ್ರೊಪೆಲ್ಲರ್ ತಿರುಗುವುದು ಎದುರು ದಿಕ್ಕಿಗೆ, ಅದು ಬಲಕ್ಕೆ ಎಳೆಯುತ್ತದೆ. ಮರ್ಲಿನ್ ಎಂಜಿನ್ನಿನ ಸ್ಪಿಟ್‌ಫೈರ್ ಎಡಕ್ಕೆ ಎಳೆದರೆ ನಂತರ ಬಂದ ಗ್ರಿಫನ್ ಎಂಜಿನ್ನಿನ ಸ್ಪಿಟ್‌ಫೈರ್ ಬಲಕ್ಕೆ ಎಳೆಯುತ್ತದೆ. ಜೆಟ್ ವಿಮಾನಕ್ಕೆ ಈ ಕಾಟ ಇಲ್ಲ.

ತಿರುವಿನಲ್ಲಿ ಕಾಲಿನ ಪಾಲು

ಎಡಕ್ಕೆ ತಿರುಗಲು ಕಡ್ಡಿಯನ್ನು, ಅಂದರೆ ಜಾಯ್‌ಸ್ಟಿಕ್ಕನ್ನು, ಎಡಕ್ಕೆ ವಾಲಿಸಿದರೆ ಬಲರೆಕ್ಕೆ ಮೇಲೇರುತ್ತದೆ. ಮೇಲೇರಿಸುವ ಬಲ ಹೆಚ್ಚಾದ ಕಡೆ ಗಾಳಿಯ ತಡೆಯೂ ಹೆಚ್ಚು. ಹೀಗಾಗಿ ಬಲರೆಕ್ಕೆ ಹಿಂದುಳಿದು, ತಿರುವು ಎಡಕ್ಕಾದರೆ ಮೂತಿ ಒಂದು ಕ್ಷಣ ಬಲಕ್ಕೆ ಹೋಗುತ್ತದೆ. ಇದನ್ನು ಸರಿಪಡಿಸುವುದು ವಾಲಿಸುವಾಗಲೇ ಒತ್ತುವ ಎಡ ಪೆಡಲ್. ಸರಿಯಾಯಿತೋ ಇಲ್ಲವೋ ಎಂದು ಹೇಳಲು ಸಲಕರಣೆ ಫಲಕದಲ್ಲಿ ಬಾಗಿದ ಗಾಜಿನ ನಳಿಗೆಯೊಳಗೆ ಒಂದು ಕರಿ ಚೆಂಡಿದೆ. ಚೆಂಡು ಎಡಕ್ಕೆ ಜಾರಿದರೆ ಎಡ ಪೆಡಲ್, ಬಲಕ್ಕೆ ಜಾರಿದರೆ ಬಲ ಪೆಡಲ್: ಚೆಂಡು ಇರುವ ಕಡೆ ಒತ್ತು ಎಂಬುದೇ ಪಾಠ.

ಆಟದ ಸೆಟ್ಟಿಂಗ್‌ನಲ್ಲಿ ‘ಆಟೋ ರಡ್ಡರ್’ ಎಂಬ ನೆರವು ಚಾಲೂ ಇದ್ದರೆ ಇದಾವುದೂ ಗೊತ್ತಾಗುವುದಿಲ್ಲ, ಕಂಪ್ಯೂಟರೇ ಕಾಲಿನ ಕೆಲಸ ಮಾಡಿಬಿಡುತ್ತದೆ. ಪೆಡಲ್ ತಂದವರು ಮೊದಲು ಅದನ್ನು ಆರಿಸಬೇಕು. ಆರಿಸದೆ ‘ಪೆಡಲ್ ಒತ್ತಿದರೂ ವ್ಯತ್ಯಾಸವೇ ಇಲ್ಲ’ ಎಂದು ವಾಪಸ್ ಕಳಿಸುವವರೂ ಇದ್ದಾರೆ.

ಯಾರಿಗೆ ಬೇಕು, ಯಾರಿಗೆ ಬೇಡ

ಏರ್‌ಬಸ್ ಎ320, ಬೋಯಿಂಗ್ 737 ಮಾತ್ರ ಹಾರಿಸುವವರಿಗೆ ಪೆಡಲ್ ಇಲ್ಲದೆಯೂ ಬಹಳಷ್ಟು ನಡೆಯುತ್ತದೆ. ಗಾಳಿಯಲ್ಲಿದ್ದಾಗ ಎ320ರ ಕಂಪ್ಯೂಟರೇ ತಿರುವನ್ನು ಸರಿಮಾಡುತ್ತದೆ. ಕಾಲು ಬೇಕಾಗುವುದು ಟೇಕ್‌ಆಫ್ ಓಟದಲ್ಲಿ, ಅಡ್ಡಗಾಳಿಯ ಲ್ಯಾಂಡಿಂಗ್‌ನಲ್ಲಿ, ಒಂದು ಎಂಜಿನ್ ನಿಂತಾಗ. ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ನಿಧಾನವಾಗಿ ಓಡಿಸುವಾಗ) ಕೂಡ ಪೆಡಲಿನಿಂದ ಎ320ರ ಮುಂಚಕ್ರ ತಿರುಗುವುದು 6 ಡಿಗ್ರಿ ಅಷ್ಟೇ. ದೊಡ್ಡ ತಿರುವಿಗೆ ಪೈಲಟ್ ಪಕ್ಕದಲ್ಲಿ ಟಿಲ್ಲರ್ ಎಂಬ ಪುಟ್ಟ ಹಿಡಿಕೆ ಇರುತ್ತದೆ. ತಿರುಚುವ ಜಾಯ್‌ಸ್ಟಿಕ್ ಇರುವವರು ಪೆಡಲ್ ತಂದ ಮೇಲೆ ಆ ತಿರುಚನ್ನು ಟಿಲ್ಲರ್‌ಗೆ ಕೊಟ್ಟರೆ ಎರಡೂ ಸಾರ್ಥಕ.

ಸೆಸ್ನಾ, ಪೈಪರ್‌ನಂಥ ಸಣ್ಣ ವಿಮಾನ ಹಾರಿಸುವವರಿಗೆ ಪೆಡಲ್ ತುಂಬ ಉಪಯೋಗ. ಬಾಲಚಕ್ರದ ಹಳೆಯ ವಿಮಾನಗಳಿಗೆ ಅನಿವಾರ್ಯ ಎಂದರೂ ತಪ್ಪಿಲ್ಲ, ಏಕೆಂದರೆ ಅವುಗಳ ಭಾರ ಮುಖ್ಯ ಚಕ್ರಗಳ ಹಿಂದೆ ಇರುತ್ತದೆ, ಓಟದಲ್ಲಿ ಸ್ವಲ್ಪ ಓರೆಯಾದರೂ ಬಾಲ ಮುಂದೆ ಬರಲು ಹವಣಿಸುತ್ತದೆ. ಟೋ ಬ್ರೇಕ್ ಮಾತ್ರ ಎಲ್ಲರಿಗೂ ಬೇಕಿಲ್ಲ. ಸ್ಪಿಟ್‌ಫೈರ್, ಮಿಗ್-15, ಮಿಗ್-21, ಯಾಕ್-52 ಇವುಗಳ ಬ್ರೇಕ್ ಹಿಡಿಕೆ ಇರುವುದೇ ಕಡ್ಡಿಯ ಮೇಲೆ. ಅದನ್ನು ಹಿಡಿದು ಪೆಡಲ್ ತಳ್ಳಿದರೆ ಆ ಬದಿಗೆ ಬ್ರೇಕ್ ಹೆಚ್ಚು ಬೀಳುತ್ತದೆ.

ಹೆಲಿಕಾಪ್ಟರ್ ಹಾರಿಸುವವರ ಅಗತ್ಯವೇ ಬೇರೆ. ಅಲ್ಲಿ ಪೆಡಲ್ ಬಾಲದ ಪುಟ್ಟ ರೋಟರನ್ನು ಆಳುತ್ತದೆ, ಮೇಲಿನ ದೊಡ್ಡ ರೋಟರಿನ ಎದುರುತಿರುವನ್ನು ಅದು ತಡೆಯುತ್ತದೆ. ಶಕ್ತಿ ಏರಿಸಿದಾಗಲೆಲ್ಲ ಕಾಲು ಸರಿಸಬೇಕು. ಬೆಲ್ 407, ರಾಬಿನ್ಸನ್ ಆರ್22ರಲ್ಲಿ ಎಡಗಾಲು; ಫ್ರೆಂಚ್ ವಿನ್ಯಾಸದವುಗಳಲ್ಲಿ ಬಲಗಾಲು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಚೇತಕ್, ಚೀತಾ ಎರಡೂ ಫ್ರೆಂಚ್ ವಿನ್ಯಾಸದವೇ. ಇಲ್ಲಿ ಪೆಡಲ್ ಬಿಟ್ಟಲ್ಲೇ ನಿಲ್ಲಬೇಕು, ತಾನಾಗಿ ನಡುವಿಗೆ ಮರಳಬಾರದು. ಆದ್ದರಿಂದ ಹೆಲಿಕಾಪ್ಟರ್ ಪ್ರಿಯರು ಸ್ಪ್ರಿಂಗ್ ಬಿಚ್ಚಲು ಅಥವಾ ತೀರ ಸಡಿಲಿಸಲು ಬರುವ ಪೆಡಲನ್ನೇ ಹುಡುಕಬೇಕು.

ಪೈಲಟ್ ತರಬೇತಿಗೆ ಸೇರಲಿರುವವರಿಗೆ ಒಂದು ಮಾತು. ಮನೆಯ ಸಿಮ್ಯುಲೇಟರ್‌ನಲ್ಲಿ ಕಳೆದ ಗಂಟೆಗಳು ಲೈಸೆನ್ಸ್ ಲೆಕ್ಕಕ್ಕೆ ಬರುವುದಿಲ್ಲ. ನಿಜವಾದ ರಡ್ಡರ್ ವೇಗ ಹೆಚ್ಚಿದಂತೆ ಕಾಲಿಗೆ ಗಡುಸಾಗುತ್ತದೆ, ಮನೆಯ ಸ್ಪ್ರಿಂಗ್ ಎಲ್ಲ ವೇಗದಲ್ಲೂ ಒಂದೇ ಸಮ. ಯಾವಾಗ ಯಾವ ಕಾಲು ಎಂಬ ಅಭ್ಯಾಸ ಕೂರುತ್ತದೆ, ಎಷ್ಟು ಬಲ ಎಂಬುದು ಕೂರುವುದಿಲ್ಲ.

ಒಳಗೇನಿದೆ: ಸೆನ್ಸರ್, ಸ್ಪ್ರಿಂಗ್, ಆ ನಡುಬಿಂದು

ಪೆಡಲ್ ಎಷ್ಟು ಸರಿದಿದೆ ಎಂದು ಅಳೆಯಲು ಎರಡು ಬಗೆಯ ಸೆನ್ಸರ್‌ಗಳಿವೆ. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಪೊಟೆನ್ಷಿಯೋಮೀಟರ್: ಇಂಗಾಲದ ಪಟ್ಟಿಯೊಂದರ ಮೇಲೆ ಲೋಹದ ನಾಲಗೆ ಉಜ್ಜುತ್ತ ಹೋಗುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ತಿರುಪಿನಲ್ಲಿ ಇರುತ್ತಿದ್ದದ್ದೂ ಇದೇ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ನಡುವೆ ದೂಳು ಸೇರುತ್ತದೆ, ಆಗ ಕಾಲು ಅಲುಗದಿದ್ದರೂ ಅಳತೆ ಹಾರತೊಡಗುತ್ತದೆ. ಎರಡನೆಯದು ಹಾಲ್ ಸೆನ್ಸರ್: ಒಂದು ಅಯಸ್ಕಾಂತ, ಅದರ ಎದುರು ಒಂದು ಚಿಪ್, ನಡುವೆ ತಾಕುವುದೇ ಇಲ್ಲ. ಸವೆತ ಇಲ್ಲ.

ಜಾಹೀರಾತಿನಲ್ಲಿ ‘12 ಬಿಟ್’, ‘16 ಬಿಟ್’ ಎಂದು ದೊಡ್ಡ ಅಕ್ಷರದಲ್ಲಿ ಬರುವುದು ಅಳತೆಯ ನುಣುಪು. ಒಂದು ಲೆಕ್ಕ ಹಾಕಿ ನೋಡಿ. 10 ಬಿಟ್ ಎಂದರೆ 1024 ಮೆಟ್ಟಿಲು. ಸೆನ್ಸರ್ ಅದರಲ್ಲಿ ಅರ್ಧ, ಅಂದರೆ 512 ಮಾತ್ರ ಬಳಸುತ್ತದೆ ಎಂದುಕೊಳ್ಳೋಣ. ಪೆಡಲ್ ಈ ತುದಿಯಿಂದ ಆ ತುದಿಗೆ 10 ಸೆಂ.ಮೀ. ಚಲಿಸಿದರೆ ಒಂದು ಮೆಟ್ಟಿಲು 0.2 ಮಿ.ಮೀ. ಅಷ್ಟು ಸಣ್ಣದಾಗಿ ಪಾದ ಸರಿಸುವುದು ಯಾರಿಂದಲೂ ಆಗದ ಮಾತು. ಬಿಟ್‌ಗಾಗಿ ದುಡ್ಡು ಸುರಿಯಬೇಕಿಲ್ಲ.

ದುಡ್ಡು ಹೋಗಬೇಕಾದದ್ದು ಯಂತ್ರಭಾಗಕ್ಕೆ. ಲ್ಯಾಂಡಿಂಗ್ ಹೊತ್ತಿನಲ್ಲಿ ಕಾಲು ಮಾಡುವುದೆಲ್ಲ ನಡುಬಿಂದುವಿನ ಆಚೀಚೆ ಒಂದೆರಡು ಸೆಂಟಿಮೀಟರ್‌ನೊಳಗಿನ ಕೆಲಸ. ಅಗ್ಗದ ಪೆಡಲ್‌ಗಳಲ್ಲಿ ನಡುವಿನಲ್ಲಿ ಒಂದು ಕಚ್ಚು ಇರುತ್ತದೆ, ಜೊತೆಗೆ ಹಳಿಯ ಮೇಲೆ ಪ್ಲಾಸ್ಟಿಕ್ ಅಂಟಿದ ಹಾಗೆ ಹಿಡಿಯುತ್ತದೆ. ಮೆಲ್ಲಗೆ ತಳ್ಳಿದರೆ ಅಲುಗುವುದಿಲ್ಲ. ಇನ್ನಷ್ಟು ತಳ್ಳಿದರೆ ಕಚ್ಚಿನಿಂದ ಹಾರಿ ಬೇಕಾದದ್ದಕ್ಕಿಂತ ಮುಂದೆ ಹೋಗುತ್ತದೆ. ಮೂತಿ ಹೆಚ್ಚು ತಿರುಗಿತು ಎಂದು ಇನ್ನೊಂದು ಕಾಲು ಒತ್ತಿದರೆ ಅಲ್ಲೂ ಅದೇ ಕತೆ. ರನ್‌ವೇ ಮೇಲೆ ವಿಮಾನ ಹಾವಿನಂತೆ ಹರಿದಾಡುವುದಕ್ಕೆ ಮುಕ್ಕಾಲು ಪಾಲು ಕಾರಣ ಇದು, ಕಲಿಯುವವರ ಕಾಲಿನ ದೋಷವಲ್ಲ.

ಮೇಲಿನ ದರ್ಜೆಯವುಗಳಲ್ಲಿ ಕಚ್ಚಿನ ಬದಲು ಕ್ಯಾಮ್ ಇರುತ್ತದೆ: ತಗ್ಗುಳ್ಳ ಒಂದು ಲೋಹದ ಅಥವಾ ಪ್ಲಾಸ್ಟಿಕ್ ತುಂಡು, ಅದರ ಮೇಲೆ ಸ್ಪ್ರಿಂಗ್ ಒತ್ತಿ ಹಿಡಿದ ಉರುಳೆ. ಉರುಳೆ ತಗ್ಗಿನಲ್ಲಿ ಕೂತಾಗ ಪೆಡಲ್ ನಡುವಿನಲ್ಲಿದೆ. ತಗ್ಗು ಚೂಪಾಗಿದ್ದರೆ ನಡು ಸ್ಪಷ್ಟ, ಅಗಲವಾಗಿದ್ದರೆ ಮೆತ್ತಗೆ. ಕೆಲವರು ಇದಕ್ಕೆ ಎಣ್ಣೆ ತುಂಬಿದ ಡ್ಯಾಂಪರನ್ನೂ ಸೇರಿಸುತ್ತಾರೆ. ಅದು ಕಾಲಿನ ನಡುಕವನ್ನು ನುಂಗಿ ಚಲನೆಯನ್ನು ನಿಧಾನಿಸುತ್ತದೆ.

ಅಂಗಡಿಯಲ್ಲಿ ಸಿಗುವವು

ಥ್ರಸ್ಟ್‌ಮಾಸ್ಟರ್ ಟಿಎಫ್‌ಆರ್‌ಪಿ ಬಹಳ ಜನ ಮೊದಲು ಕೊಳ್ಳುವ ಪೆಡಲ್. ಹಗುರ, ಹಳಿಯ ಮೇಲೆ ಜಾರುವ ಬಗೆಯದು. ಪಾದಗಳ ನಡುವಿನ ಅಂತರ ಕಡಿಮೆ, ಎತ್ತರದ ಆಳಿಗೆ ಮೊಣಕಾಲು ಒತ್ತಿಕೊಂಡು ಕೂರಬೇಕಾಗುತ್ತದೆ. ಇದರ ತಂತಿಯ ತುದಿಯಲ್ಲಿರುವುದು ಆರ್‌ಜೆ12 ಪ್ಲಗ್, ಅದೇ ಕಂಪನಿಯ ಟಿ-ಫ್ಲೈಟ್ ಜಾಯ್‌ಸ್ಟಿಕ್ಕಿಗೆ ನೇರ ಚುಚ್ಚಬಹುದು. ಕಂಪ್ಯೂಟರಿಗಾದರೆ ಯುಎಸ್‌ಬಿ ಅಡಾಪ್ಟರ್ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಆ ಅಡಾಪ್ಟರ್ ಇದೆಯೇ ಎಂದು ಮೊದಲು ಕೇಳಿ.

ಲಾಜಿಟೆಕ್ ಪೆಡಲ್ ಎಂದರೆ ಹಿಂದಿನ ಸೈಟೆಕ್. 2016ರಲ್ಲಿ ಲಾಜಿಟೆಕ್ ಆ ಬ್ರ್ಯಾಂಡನ್ನು ಕೊಂಡಿತು. ಅಗಲವಾಗಿದೆ, ನಡುವಿನ ದೊಡ್ಡ ತಿರುಪಿನಿಂದ ಬಿಗಿ ಹೊಂದಿಸಬಹುದು. ಸೆನ್ಸರ್ ಪೊಟೆನ್ಷಿಯೋಮೀಟರ್, ನಡುವಿನ ಕಚ್ಚು ಕಾಲಿಗೆ ಚೆನ್ನಾಗಿಯೇ ತಿಳಿಯುತ್ತದೆ. ಟರ್ಟಲ್ ಬೀಚ್‌ನ ವೆಲಾಸಿಟಿಒನ್ ರಡ್ಡರ್ ಎಕ್ಸ್‌ಬಾಕ್ಸ್ ಇರುವವರೂ ನೋಡಬಹುದಾದದ್ದು. ಎಕ್ಸ್‌ಬಾಕ್ಸ್ ವಿಷಯದಲ್ಲಿ ಒಂದು ಎಚ್ಚರ: ಅದಕ್ಕೆಂದೇ ಮಾಡದ ಯುಎಸ್‌ಬಿ ಪೆಡಲನ್ನು ಅದು ಗುರುತಿಸುವುದೇ ಇಲ್ಲ.

ವಿಕೆಬಿಯ ಟಿ-ರಡ್ಡರ್ ಪುಟ್ಟದು, ಗಟ್ಟಿ, ತಾಕದ ಸೆನ್ಸರ್, ಆದರೆ ಟೋ ಬ್ರೇಕ್ ಇಲ್ಲ. ಹಳೆಯ ಯುದ್ಧವಿಮಾನ, ಹೆಲಿಕಾಪ್ಟರ್ ಹಾರಿಸುವವರಿಗೆ ಅದು ಕೊರತೆಯೇ ಅಲ್ಲ. ಸೆಸ್ನಾ ಹಾರಿಸುವವರಿಗೆ ಕೊರತೆ. ಕ್ರೊಯೇಷಿಯಾದಲ್ಲಿ ತಯಾರಾಗುವ ಎಂಎಫ್‌ಜಿ ಕ್ರಾಸ್‌ವಿಂಡ್‌ನಲ್ಲಿ ಬೇರೆ ಬೇರೆ ಕ್ಯಾಮ್ ಹಾಕಿ ನಡುಬಿಂದುವನ್ನು ಬೇಕಾದಂತೆ ಮಾಡಿಕೊಳ್ಳಬಹುದು. ಥ್ರಸ್ಟ್‌ಮಾಸ್ಟರ್ ಟಿಪಿಆರ್‌ನ ಪೆಡಲ್‌ಗಳು ಮೇಲಿನಿಂದ ಜೋತುಬಿದ್ದಿರುತ್ತವೆ, ಹಳಿಯೇ ಇಲ್ಲ, ಹಾಗಾಗಿ ಅಂಟುವ ಕಾಟವೂ ಇಲ್ಲ. ಬೆಲೆ ಮಾತ್ರ ಆರಂಭಿಕರಿಗೆ ಭಾರ. ವಿದೇಶದಿಂದ ತರಿಸುವವು ಭಾರವಾದ ವಸ್ತುಗಳು, ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಬೇಕು. ರಿಪೇರಿಗೆ ವಾಪಸ್ ಕಳಿಸುವ ಖರ್ಚೂ ನಿಮ್ಮದೇ ಆಗಬಹುದು, ವಾರಂಟಿಯ ಷರತ್ತು ಓದಿ.

ಕೈಯಲ್ಲಿ ಹಿಡಿದು ನೋಡುವಾಗ

ಅಂಗಡಿಯಲ್ಲೋ ಮಾರುವವರ ಮನೆಯಲ್ಲೋ ಕೂತು ನೋಡಲು ಅವಕಾಶ ಸಿಕ್ಕರೆ, ಮೊದಲು ಕಣ್ಣು ಮುಚ್ಚಿ ಬಲಗಾಲನ್ನು ಎಷ್ಟು ನಿಧಾನವಾಗಿ ಆಗುತ್ತದೋ ಅಷ್ಟು ನಿಧಾನವಾಗಿ ತಳ್ಳಿ. ಪೆಡಲ್ ಜಿಗಿದು ಹೊರಟಿತೇ, ಜಾರಿ ಹೊರಟಿತೇ? ನಡುವಿಗೆ ಮರಳುವಾಗ ಪೂರ್ತಿ ಬಂದು ನಿಂತಿತೇ, ಒಂದು ಕೂದಲೆಳೆ ಮೊದಲೇ ನಿಂತಿತೇ? ಎಡದಿಂದ ಬಂದಾಗ ಒಂದು ಕಡೆ, ಬಲದಿಂದ ಬಂದಾಗ ಇನ್ನೊಂದು ಕಡೆ ನಿಲ್ಲುವ ಪೆಡಲ್‌ಗೆ ನಡುಬಿಂದುವೇ ಇಲ್ಲ ಎಂದರ್ಥ.

ಆಮೇಲೆ ಕಂಪ್ಯೂಟರ್. ವಿಂಡೋಸ್‌ನಲ್ಲಿ ರನ್ ಬಾಕ್ಸ್ ತೆರೆದು ‘ಜಾಯ್ ಡಾಟ್ ಸಿಪಿಎಲ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಗೇಮ್ ಕಂಟ್ರೋಲರ್‌ಗಳ ಪಟ್ಟಿ ಬರುತ್ತದೆ. ಪೆಡಲಿನ ಪ್ರಾಪರ್ಟೀಸ್ ತೆರೆದರೆ ರಡ್ಡರ್‌ಗೆ ಒಂದು ಪಟ್ಟೆ ಕಾಣುತ್ತದೆ, ಎರಡು ಬ್ರೇಕ್‌ಗಳು ಬೇರೆ ಪಟ್ಟೆಗಳಾಗಿಯೋ ಚೌಕದೊಳಗಿನ ಪ್ಲಸ್ ಗುರುತಾಗಿಯೋ ಕಾಣುತ್ತವೆ. ಕಾಲು ತೆಗೆದಾಗ ಪಟ್ಟೆ ನಡುಗಬಾರದು. ನಿಧಾನವಾಗಿ ತಳ್ಳಿದಾಗ ಎಲ್ಲೂ ಹಾರಬಾರದು. ತುದಿ ಮುಟ್ಟಿದಾಗ ಪಟ್ಟೆಯೂ ತುದಿ ಮುಟ್ಟಬೇಕು. ದೂರದ ಊರಿನಿಂದ ಸೆಕೆಂಡ್ ಹ್ಯಾಂಡ್ ತರಿಸುವುದಾದರೆ ಈ ಪರದೆಯ ವಿಡಿಯೊ ಕೇಳಿ ಪಡೆಯಿರಿ, ಮೂರು ಪಟ್ಟೆಗಳೂ ನಿಧಾನವಾಗಿ ಓಡುವುದು ಕಾಣಬೇಕು. ಹೊಳೆಯುವ ಫೋಟೊಕ್ಕಿಂತ ಅದು ಮೇಲು.

ಕೊಳ್ಳುವ ಮುಂಚೆ ಮೇಜಿನ ಕೆಳಗೆ ಟೇಪು ಹಿಡಿಯಿರಿ. ಪೆಡಲ್ ಘಟಕದ ಅಗಲ ಸಾಮಾನ್ಯವಾಗಿ 40 ಸೆಂ.ಮೀ. ಆಸುಪಾಸು. ನಮ್ಮ ಕಂಪ್ಯೂಟರ್ ಟೇಬಲ್‌ಗಳಲ್ಲಿ ಕೆಳಗೊಂದು ಕಾಲಿಡುವ ಅಡ್ಡಪಟ್ಟಿ, ಮೇಲೊಂದು ಎಳೆಯುವ ಕೀಬೋರ್ಡ್ ಹಲಗೆ ಇರುವುದು ರೂಢಿ. ಅಡ್ಡಪಟ್ಟಿ ಪೆಡಲನ್ನು ಒಳಗೆ ಬಿಡುವುದಿಲ್ಲ. ಬ್ರೇಕ್ ಒತ್ತಲು ಕಾಲೆತ್ತಿದರೆ ಮೊಣಕಾಲು ಕೀಬೋರ್ಡ್ ಹಲಗೆಗೆ ಬಡಿಯುತ್ತದೆ.

ಕುರ್ಚಿ ಹಿಂದೆ ಓಡದಂತೆ

ಪೆಡಲನ್ನು ಮುಂದೆ ತಳ್ಳಿದಷ್ಟೇ ಬಲದಲ್ಲಿ ಪೆಡಲ್ ನಿಮ್ಮನ್ನು ಹಿಂದೆ ತಳ್ಳುತ್ತದೆ. ಟೈಲ್ಸ್ ಅಥವಾ ಗ್ರಾನೈಟ್ ನೆಲ, ಚಕ್ರದ ಕುರ್ಚಿ: ಟೇಕ್‌ಆಫ್ ಮುಗಿಯುವುದರೊಳಗೆ ಕುರ್ಚಿ ಒಂದು ಗೇಣು ಹಿಂದೆ. ಪೆಡಲ್ ಮುಂದೆ ಜಾರುವುದನ್ನು ತಡೆಯಲು ಗೋಡೆ ಸಾಕು, ಘಟಕಕ್ಕೂ ಗೋಡೆಗೂ ನಡುವೆ ಮರದ ತುಂಡು ಕೊಟ್ಟರಾಯಿತು. ಕುರ್ಚಿಗೆ ಚಕ್ರವಿಲ್ಲದ್ದನ್ನು ಬಳಸುವುದು ಸುಲಭದ ದಾರಿ. ಚಕ್ರದ್ದೇ ಬೇಕಾದರೆ ಕುರ್ಚಿಯ ನಡುಗಂಬಕ್ಕೂ ಪೆಡಲಿಗೂ ಬ್ಯಾಗಿನ ಬೆಲ್ಟಿನಂಥ ಗಟ್ಟಿ ಪಟ್ಟಿ ಕಟ್ಟಿ. ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ.

ಇನ್ನೂ ಭದ್ರ ಬೇಕೆಂದರೆ 18 ಮಿ.ಮೀ. ಪ್ಲೈವುಡ್ ಹಲಗೆ. ಅಗಲ 60 ಸೆಂ.ಮೀ., ಉದ್ದ ಪೆಡಲಿನಿಂದ ಕುರ್ಚಿಯ ಮುಂದಿನ ಎರಡು ಚಕ್ರಗಳವರೆಗೆ. ಪೆಡಲ್ ತಳದಲ್ಲಿ ತೂತುಗಳಿದ್ದರೆ ಬೋಲ್ಟ್ ಹಾಕಿ, ಬೋಲ್ಟಿನ ತಲೆ ಕೆಳಗಿನಿಂದ ಹಲಗೆಯೊಳಗೆ ಅಡಗುವಂತೆ ಕೊರೆಯಿಸಿ. ಚಕ್ರ ಕೂರುವಲ್ಲಿ ಎರಡು ಗುಂಡಿ ತೋಡಿಸಿದರೆ ಕುರ್ಚಿಯ ಭಾರವೇ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಬಡಗಿಗೆ ಅರ್ಧ ದಿನದ ಕೆಲಸವೂ ಅಲ್ಲ.

ದೂರ ಹೊಂದಿಸುವುದು ಹೀಗೆ: ಒಂದು ಪೆಡಲನ್ನು ಪೂರ್ತಿ ತಳ್ಳಿದಾಗಲೂ ಆ ಮೊಣಕಾಲು ಸ್ವಲ್ಪ ಮಡಿಚಿಯೇ ಇರಬೇಕು. ಕಾಲು ನೆಟ್ಟಗಾದರೆ ಬ್ರೇಕ್ ಒತ್ತಲು ಶಕ್ತಿ ಉಳಿಯುವುದಿಲ್ಲ. ಹಿಮ್ಮಡಿ ನೆಲದ ಮೇಲೆ ಅಥವಾ ಪೆಡಲಿನ ತಳದ ಅಂಚಿನಲ್ಲಿ, ಬೆರಳ ಬುಡ ಪೆಡಲಿನ ಕೆಳಭಾಗದಲ್ಲಿ. ಬ್ರೇಕಿಗೆ ಮಾತ್ರ ಪಾದ ಮೇಲೆ ಸರಿಯಬೇಕು. ಪಾದವನ್ನು ಪೂರ್ತಿ ಪೆಡಲಿನ ಮೇಲಿಟ್ಟರೆ ತಿಳಿಯದೆಯೇ ಬ್ರೇಕ್ ಸವರಿಕೊಂಡು ಓಡುತ್ತೀರಿ. ಬರಿಗಾಲು ಅಥವಾ ತೆಳು ಅಟ್ಟೆಯ ಬೂಟು ಒಳ್ಳೆಯದು. ದಪ್ಪ ಅಟ್ಟೆಯ ಶೂ ಹಾಕಿದರೆ ನಡುಬಿಂದು ಕಾಲಿಗೆ ತಿಳಿಯುವುದಿಲ್ಲ.

ಸಾಫ್ಟ್‌ವೇರ್ ಹೊಂದಿಸುವುದು

ಯುಎಸ್‌ಬಿ ತಂತಿಯನ್ನು ಕಂಪ್ಯೂಟರಿಗೆ ನೇರ ಚುಚ್ಚಿ. ಪವರ್ ಇಲ್ಲದ ಹಬ್‌ಗೆ ಹಾಕಿದರೆ ಹಾರಾಟದ ನಡುವೆ ಪೆಡಲ್ ಮಾಯವಾಗಬಹುದು. ಆಟದೊಳಗೆ ಹೋಗಿ ರಡ್ಡರ್ ಆಕ್ಸಿಸ್, ಎಡ ಬ್ರೇಕ್ ಆಕ್ಸಿಸ್, ಬಲ ಬ್ರೇಕ್ ಆಕ್ಸಿಸ್ ಈ ಮೂರನ್ನು ಕೊಡಿ (ಆಕ್ಸಿಸ್ ಎಂದರೆ ಪೆಡಲಿನ ಒಂದೊಂದು ಚಲನೆಯ ಅಳತೆ). ಎಕ್ಸ್-ಪ್ಲೇನ್‌ನಲ್ಲಿ ರಡ್ಡರ್‌ಗೆ ‘ಯಾ’ ಎಂದೇ ಹೆಸರಿದೆ, ಮೊದಲು ಕ್ಯಾಲಿಬ್ರೇಟ್ ಗುಂಡಿ ಒತ್ತಿ ಮೂರನ್ನೂ ತುದಿಯಿಂದ ತುದಿಗೆ ಓಡಿಸಬೇಕು.

ಇಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಎಂಜಿನ್ ಗರಿಷ್ಠಕ್ಕೆ ಹೋದರೂ ವಿಮಾನ ಅಲುಗುವುದಿಲ್ಲ, ಬ್ರೇಕ್ ಒತ್ತಿದರೆ ಹೊರಡುತ್ತದೆ: ಬ್ರೇಕ್ ಆಕ್ಸಿಸ್ ತಲೆಕೆಳಗಾಗಿದೆ, ‘ರಿವರ್ಸ್’ ಗುರುತು ಹಾಕಿದರೆ ಮುಗಿಯಿತು. ಒಂದೇ ಬದಿ ಹಾಗಾಗಿದ್ದರೆ ವಿಮಾನ ನಿಂತಲ್ಲೇ ಬುಗುರಿಯಾಡುತ್ತದೆ. ಎರಡನೆಯದು, ಜಾಯ್‌ಸ್ಟಿಕ್ಕಿನ ತಿರುಚೂ ಪೆಡಲೂ ಎರಡೂ ರಡ್ಡರ್‌ಗೆ ಕೊಟ್ಟಿರುವುದು. ಕೈ ಸ್ವಲ್ಪ ನಡುಗಿದರೂ ಪೆಡಲಿನ ಆಜ್ಞೆ ಅಳಿಸಿಹೋಗುತ್ತದೆ. ತಿರುಚನ್ನು ರಡ್ಡರ್‌ನಿಂದ ತೆಗೆಯಿರಿ. ಮೂರನೆಯದು, ಬ್ರೇಕ್ ಒತ್ತಿದರೆ ವಿಮಾನ ವಾಲುವುದು: ಆಟ ಪೆಡಲನ್ನು ಜಾಯ್‌ಸ್ಟಿಕ್ ಎಂದು ತಿಳಿದು ಬ್ರೇಕಿನ ಆಕ್ಸಿಸನ್ನು ರೆಕ್ಕೆಗೆ ಕೊಟ್ಟಿದೆ. ಆ ಜೋಡಣೆ ಅಳಿಸಿ.

ಡೆಡ್ ಝೋನ್ ಎಂದರೆ ನಡುವಿನಲ್ಲಿ ಏನೂ ಆಗದ ಪಟ್ಟಿ. ರಡ್ಡರ್‌ಗೆ ಸೊನ್ನೆಯಿಂದ ಶುರುಮಾಡಿ, ಪಟ್ಟೆ ನಡುಗಿದರೆ ಮಾತ್ರ ಶೇ 2 ಅಥವಾ 3ಕ್ಕೆ ಏರಿಸಿ. ಈಗಾಗಲೇ ಕಚ್ಚು ಇರುವ ಪೆಡಲ್‌ಗೆ ದೊಡ್ಡ ಡೆಡ್ ಝೋನ್ ಕೊಟ್ಟರೆ ಗಾಯದ ಮೇಲೆ ಬರೆ. ಬ್ರೇಕ್‌ಗೆ ಶೇ 5ರಿಂದ 10 ಕೊಡಬಹುದು, ಪಾದದ ಭಾರಕ್ಕೆ ಬ್ರೇಕ್ ಸವರುವುದು ತಪ್ಪುತ್ತದೆ. ಸೆನ್ಸಿಟಿವಿಟಿಯನ್ನು (ಕಾಲಿನ ಚಲನೆಗೆ ರಡ್ಡರ್ ಎಷ್ಟು ಚುರುಕು ಎಂಬುದನ್ನು) ಮೊದಲು ನೇರ ಗೆರೆಯಲ್ಲೇ ಬಿಟ್ಟು ಒಂದಷ್ಟು ಹಾರಿಸಿ. ನಡುವಿನಲ್ಲಿ ಚುರುಕು ಜಾಸ್ತಿ ಎನಿಸಿದರೆ ಮೈನಸ್ 20ರ ಆಸುಪಾಸಿಗೆ ಇಳಿಸಿ.

ಹಾರಿಸಿ ಪರೀಕ್ಷಿಸುವುದು

ಸೆಸ್ನಾ 172, ಗಾಳಿ ಸೊನ್ನೆ. ಮೊದಲು ನಡೆಯುವ ವೇಗದಲ್ಲಿ ಹಳದಿ ಗೆರೆಯ ಮೇಲೆ ಟ್ಯಾಕ್ಸಿ. ಮೂತಿ ತಿರುಗತೊಡಗಿದ ಕೂಡಲೇ ಪೆಡಲನ್ನು ನಡುವಿಗೆ ತನ್ನಿ, ಗೆರೆ ಬರುವವರೆಗೆ ಕಾಯಬೇಡಿ. ಟೇಕ್‌ಆಫ್‌ಗೆ ಥ್ರಾಟಲನ್ನು ಒಮ್ಮೆಲೇ ಒತ್ತದೆ ಮೂರು ನಾಲ್ಕು ಸೆಕೆಂಡಿನಲ್ಲಿ ತುಂಬಿ, ಅದರ ಜೊತೆಜೊತೆಗೇ ಬಲಗಾಲು. 55 ನಾಟ್‌ಗೆ ಮೂತಿ ಎತ್ತಿ (ನಾಟ್ ಎಂಬುದು ವಿಮಾನದ ವೇಗದ ಅಳತೆ). ಏರುವಾಗ ಬಲಗಾಲನ್ನು ಬಿಡದೆ ಚೆಂಡನ್ನು ನಡುವೆ ಇಡಿ.

3000 ಅಡಿಯಲ್ಲಿ ದಿಗಂತದ ಒಂದು ಗುಡ್ಡವನ್ನು ಗುರುತಿಟ್ಟುಕೊಂಡು 20 ಡಿಗ್ರಿ ಎಡಕ್ಕೆ, ತಕ್ಷಣ 20 ಡಿಗ್ರಿ ಬಲಕ್ಕೆ ವಾಲಿಸಿ. ಕೈ ಕಾಲು ಕೂಡಿದರೆ ಮೂತಿ ಗುಡ್ಡವನ್ನು ಬಿಟ್ಟು ಅಲುಗುವುದಿಲ್ಲ. ಪೆಡಲಿನ ಕಚ್ಚು, ಅಂಟು ಎಲ್ಲವೂ ಈ ಅಭ್ಯಾಸದಲ್ಲಿ ಬಯಲಿಗೆ ಬರುತ್ತವೆ.

ಕೊನೆಗೆ ಅಡ್ಡಗಾಳಿ. ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ 24 ಇದಕ್ಕೆ ಚೆನ್ನಾಗಿದೆ; 24 ಎಂದರೆ ಸುಮಾರು 240 ಡಿಗ್ರಿ ದಿಕ್ಕಿಗೆ ಮುಖ ಮಾಡಿದ್ದು. ಹವಾಮಾನವನ್ನು ಕೈಯಾರೆ ಹೊಂದಿಸಿ ಗಾಳಿಯನ್ನು 270 ಡಿಗ್ರಿಯಿಂದ 16 ನಾಟ್ ಇಡಿ. ರನ್‌ವೇಗೂ ಗಾಳಿಗೂ 30 ಡಿಗ್ರಿ ಅಂತರ, ಅಂದರೆ ಅಡ್ಡ ಬೀಸುವುದು ಅರ್ಧ, 8 ನಾಟ್. 65 ನಾಟ್‌ನಲ್ಲಿ ಇಳಿಯುತ್ತ ಬಂದರೆ ಮೂತಿ ಸುಮಾರು 7 ಡಿಗ್ರಿ ಬಲಕ್ಕೆ, ಗಾಳಿಯ ಕಡೆ ತಿರುಗಿದ್ದರಷ್ಟೇ ವಿಮಾನ ರನ್‌ವೇ ಗೆರೆಯ ಮೇಲೆ ಬರುತ್ತದೆ. ನೆಲ ಮುಟ್ಟುವ ಮುನ್ನ ಎಡ ಪೆಡಲ್ ಮೆಲ್ಲಗೆ ಒತ್ತಿ ಮೂತಿಯನ್ನು ನೇರ ಮಾಡಿ, ಎಡಕ್ಕೆ ತೇಲಿಹೋಗದಂತೆ ಕಡ್ಡಿಯನ್ನು ಬಲಕ್ಕೆ ಸ್ವಲ್ಪ ವಾಲಿಸಿ. ಬಲಚಕ್ರ ಮೊದಲು ಮುಟ್ಟಬೇಕು. ಮುಟ್ಟಿದ ಮೇಲೂ ಕಾಲು ಕಡ್ಡಿ ಎರಡನ್ನೂ ಬಿಡಬೇಡಿ, ವೇಗ ಕಳೆದಂತೆ ಕಡ್ಡಿಯನ್ನು ಬಲಕ್ಕೆ ಹೆಚ್ಚಿಸುತ್ತ ಹೋಗಿ. ಇದು ಕೈಕಾಲಿಗೆ ಕೂತ ಮೇಲೆ ಅಡ್ಡಗಾಳಿಯನ್ನು 15 ನಾಟ್‌ವರೆಗೆ ಏರಿಸಬಹುದು. 172ಎಸ್ ಮಾದರಿಯ ಕೈಪಿಡಿಯಲ್ಲಿ, ವಿಮಾನವನ್ನು ಇಳಿಸಿ ತೋರಿಸಿಕೊಟ್ಟ ಅಡ್ಡಗಾಳಿ ಎಂದು ಬರೆದಿರುವ ಅಂಕಿಯೂ ಅದೇ.

ಕೆಟ್ಟಾಗ

ಎ320 ಇಳಿಸಿದ ಕೂಡಲೇ ಆಟೋಬ್ರೇಕ್ (ಇಳಿದ ಮೇಲೆ ಕಾಲಿನ ನೆರವಿಲ್ಲದೆ ಹಿಡಿಯುವ ಬ್ರೇಕ್) ತಾನಾಗಿ ಬಿಟ್ಟುಕೊಳ್ಳುತ್ತಿದ್ದರೆ ಬ್ರೇಕಿನ ಪೊಟೆನ್ಷಿಯೋಮೀಟರ್ ಮೇಲೆ ಅನುಮಾನಪಡಿ. ಪೆಡಲ್ ಬ್ರೇಕ್ ಒತ್ತಿದರೆ ಆಟೋಬ್ರೇಕ್ ಬಿಡುವುದು ಆ ವಿಮಾನದ ಕ್ರಮ. ದೂಳು ಸೇರಿ ಅಳತೆ ಹಾರಿದರೂ ಅದಕ್ಕೆ ಕಾಲು ಒತ್ತಿದ ಹಾಗೆಯೇ ಕಾಣುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತನ್ನಿ. ತಂತಿ ಕಳಚಿ, ತಳ ಬಿಚ್ಚಿ, ಪೊಟೆನ್ಷಿಯೋಮೀಟರಿನ ಕಾಲುಗಳ ಬಳಿ ಇರುವ ಸಂದಿಗೆ ಒಂದೆರಡು ಸಲ ಸಿಂಪಡಿಸಿ, ಪೆಡಲನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ಓಡಿಸಿ, ಪೂರ್ತಿ ಒಣಗಿದ ಮೇಲೆ ಚುಚ್ಚಿ. ಮತ್ತೆ ಮತ್ತೆ ಅದೇ ಆದರೆ ಪಟ್ಟಿಯೇ ಸವೆದಿದೆ, ಅದರ ಮೈಮೇಲೆ ಬರೆದಿರುವ ಓಮ್ ಅಂಕಿಯದೇ ಪೊಟೆನ್ಷಿಯೋಮೀಟರ್ ತಂದು ಬೆಸುಗೆ ಹಾಕಿಸಬೇಕು. ವಾರಂಟಿ ಇರುವಾಗ ಮಾತ್ರ ಬಿಚ್ಚಬೇಡಿ.

ಹಳಿ ಕಿರುಗುಟ್ಟಿದರೆ ಅಡುಗೆಮನೆಯ ಕೊಬ್ಬರಿ ಎಣ್ಣೆಗೆ ಕೈ ಹೋಗುವುದು ಸಹಜ. ಅದು ದೂಳು ಹಿಡಿದು ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಹಳೆಯ ಜಿಡ್ಡನ್ನು ಒಣಬಟ್ಟೆಯಲ್ಲಿ ಒರೆಸಿ ಸಿಲಿಕಾನ್ ಗ್ರೀಸನ್ನು ಬೆರಳ ತುದಿಯಷ್ಟು ತೆಗೆದು ತೆಳ್ಳಗೆ ಹಚ್ಚಿ, ಸೆನ್ಸರ್ ಇರುವ ಕಡೆ ಮಾತ್ರ ತಾಗದಂತೆ.